ಷಣ್ಮುಖಪ್ಪನ ಪಿಕಪ್ಪು ಎತ್ತರವಾದದ್ದು

ಎಮ್ಮೆಗಟ್ಟೆಯ ಷಣ್ಮುಖಪ್ಪನ ಎದುರಿಗೆ ‘ಆಗಲ್ಲ’ ಎಂಬ ಮಾತನ್ನು ಆಡಬಾರದೆಂದು ಅವನ ಹೆಂಡತಿ ಕಸ್ತೂರಮ್ಮ ಮದುವೆಯಾದ ಮೊದಲ ವರ್ಷವೇ ಕಲಿತುಕೊಂಡಿದ್ದಳು. ಊರಿನವರು ಇನ್ನೂ ಕಲಿತಿರಲಿಲ್ಲ. ನಮ್ಮ ಮಣ್ಣಿಗೆ ಆಲೂಗೆಡ್ಡೆ ಆಗಲ್ಲ ಎಂದು ಯಾರೋ ಅಂದದ್ದೇ ನೆಪವಾಗಿ ಅವನು ಎರಡು ವರ್ಷ ಆಲೂಗೆಡ್ಡೆ ಹಾಕಿ, ಆಗುವುದಿಲ್ಲವೆಂಬ ವಿಷಯವನ್ನು ಸ್ವಂತ ಖರ್ಚಿನಲ್ಲಿ ಖಚಿತಪಡಿಸಿಕೊಂಡಿದ್ದ. ಆಮೇಲೂ ಮಣ್ಣಿನದೇ ತಪ್ಪು ಎಂದನೇ ಹೊರತು ಸೋತೆ ಎನ್ನಲಿಲ್ಲ.

ಅಂಥವನು ಎಂಬತ್ತೊಂದನೇ ಇಸವಿಯ ಯುಗಾದಿಯ ಹಿಂದೆಮುಂದೆ ಜಗಳೂರಿಗೆ ಹೋಗಿ, ಅಲ್ಲಿನ ಶೇಂಗಾ ವ್ಯಾಪಾರಿಯೊಬ್ಬನಿಂದ ಒಂದು ಹಳೆಯ ಪಿಕಪ್ಪು ಕೊಂಡು ತಂದ. ನಲ್ಲೂರು, ಕತ್ತಲಗೆರೆ ಕಡೆಯ ತೋಟಗಳ ಅಡಿಕೆಯನ್ನು ಮರದ ಮೇಲಿರುವಾಗಲೇ ಖೇಣಿಗೆ ಹಿಡಿದು ಚನ್ನಗಿರಿಯ ಮಂಡಿಗೆ ಹಾಕುವುದು ಅವನ ಕಸುಬು. ಬಾಡಿಗೆ ಬಂಡಿಗೆ ಕಾಯುವುದು ತಪ್ಪುತ್ತದೆ ಎಂಬುದು ಅವನು ಹೊರಗೆ ಹೇಳಿದ ಕಾರಣ. ಒಳಗಿನ ಕಾರಣ ಬೇರೆ. ದೊಡ್ಡ ಮಗಳು ಶಾಂತಾದೇವಿಯ ಮದುವೆ ಗೋವಿನಕೋವಿಯ ಹುಡುಗನ ಜೊತೆ ವೈಶಾಖದಲ್ಲಿ ನಿಶ್ಚಯವಾಗಿತ್ತು. ಮದುವೆ ಗಂಡಿನ ಮನೆಯಲ್ಲಿ. ಎಮ್ಮೆಗಟ್ಟೆಯ ಮದುವಣಗಿತ್ತಿಯರೆಲ್ಲ ಮೂರು ತಲೆಮಾರಿನಿಂದ ಹಳೇ ಪಟೇಲರ ಮನೆಯ ಸವಾರಿ ಬಂಡಿಯಲ್ಲೇ ನಲ್ಲೂರಿನ ಬಸ್ಸು ಮುಟ್ಟಿದವರು. ಬಂಡಿಯ ಈಗಿನ ಯಜಮಾನ ವಿರೂಪಾಕ್ಷಪ್ಪ ಬಾಡಿಗೆ ತಗೊಳ್ಳುತ್ತಿರಲಿಲ್ಲ. ತಗೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅದರ ಬದಲು ಆತ ಮುಂದಿನ ಇಪ್ಪತ್ತು ವರ್ಷ, ಸಿಕ್ಕಸಿಕ್ಕಲ್ಲಿ, “ನಿಮ್ಮ ಹುಡುಗೀನ ಊರು ದಾಟ್ಸಿದೋನು ನಾನಲ್ಲೇನಪ್ಪ” ಎನ್ನುತ್ತಿದ್ದ. ತನ್ನ ಮಗಳ ವಿಷಯದಲ್ಲಿ ಈ ಮಾತು ಕೇಳಿಸಿಕೊಳ್ಳಲು ಷಣ್ಮುಖಪ್ಪನ ಕಿವಿ ತಯಾರಿರಲಿಲ್ಲ.

ಇನ್ನು ಕಲ್ಲಿನ ವಿಷಯ. ಎಮ್ಮೆಗಟ್ಟೆಯ ಅಗಸೆಯ ಹತ್ತಿರ, ದಾರಿಯ ನಟ್ಟನಡುವೆ, ಊರು ಕಟ್ಟಿದ ದಿನ ನೆಟ್ಟ ಕರುವುಗಲ್ಲು ಇದೆ. ನೆಲದಿಂದ ಒಂದು ಗೇಣು ಎರಡು ಬೆರಳು ಎತ್ತರ, ತಲೆಯ ಮೇಲೆ ಸದಾ ವಿಭೂತಿ. ಹೊಸ ಬಂಡಿ ಊರಿಗೆ ಬಂದರೆ, ಮದುವೆಯ ದಿಬ್ಬಣ ಊರಿನಿಂದ ಹೊರಟರೆ, ಈ ಕಲ್ಲನ್ನು ಎರಡು ಗಾಲಿಗಳ ನಡುವೆ ಬಿಟ್ಟುಕೊಂಡು ಅದರ ಮೇಲಿಂದಲೇ ದಾಟಬೇಕು. ದಾಟುವಾಗ ಕಲ್ಲಿಗೆ ತಗುಲಬಾರದು. ಪಕ್ಕದಲ್ಲಿ ಬೇಕಾದಷ್ಟು ಜಾಗ ಇದೆ, ಆದರೆ ಅಲ್ಲಿ ಬಳಸಿಕೊಂಡು ಹೋಗುವುದು ಹೆಣ ಕೂರಿಸಿ ಹೊರುವ ವಿಮಾನ. ಎತ್ತಿನ ಬಂಡಿಯ ಅಚ್ಚು ಆಳಿನ ಸೊಂಟದ ಮಟ್ಟಕ್ಕೆ ಇರುವುದರಿಂದ ಊರಿನ ಚರಿತ್ರೆಯಲ್ಲಿ ಯಾರಿಗೂ ಇದು ಕಷ್ಟವಾಗಿರಲಿಲ್ಲ.

ಷಣ್ಮುಖಪ್ಪ ಹೊಸ ಪಿಕಪ್ಪಿಗೆ ಚೆಂಡುಹೂವಿನ ಹಾರ ಹಾಕಿ, ಹದಿನೈದು ದಿನದ ಕಲಿಕೆಯ ಧೈರ್ಯದಲ್ಲಿ ತಾನೇ ನಡೆಸಿಕೊಂಡು ಕಲ್ಲಿನ ಮೇಲೆ ಬಿಟ್ಟ. ಮುಂದಿನ ಅಚ್ಚು ನಡುವೆ ಮೇಲಕ್ಕೆ ಬಾಗಿದ್ದರಿಂದ ಹೇಗೋ ದಾಟಿತು. ಆಮೇಲೆ ಕರ್ ಎಂದು ಸದ್ದಾಗಿ ಗಾಡಿಯ ಹೊಟ್ಟೆ, ಅಂದರೆ ಹೊಗೆ ಕೊಳವೆಯೂ ಅದರ ಅಕ್ಕಪಕ್ಕದ ಕಬ್ಬಿಣವೂ, ಕಲ್ಲಿಗೆ ಹೋಗಿ ಆತುಕೊಂಡವು. ಹಿಂದಕ್ಕೆ ತೆಗೆದು ಪಕ್ಕದಿಂದ ಬಳಸಿಕೊಂಡು ಹೋಗಬೇಕಾಯಿತು. ಕಲ್ಲಿಗೆ ಎಣ್ಣೆ ಹಚ್ಚಿ ತಪ್ಪು ಕಾಣಿಕೆ ಇಟ್ಟದ್ದೂ ಆಯಿತು. ಅರ್ಧ ಊರು ನೋಡುತ್ತಿತ್ತು. ಉಳಿದರ್ಧಕ್ಕೆ ಮಧ್ಯಾಹ್ನದೊಳಗೆ ಗೊತ್ತಾಯಿತು.

“ಆಗಲ್ಲ ಬಿಡಪ್ಪ ಷಣ್ಮುಖ,” ಎಂದ ವಿರೂಪಾಕ್ಷಪ್ಪ, ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ. “ಮದುವಿ ದಿನ ಬಂಡಿ ಕಳಿಸ್ತೀನಿ.”

“ಕಳಿಸಬ್ಯಾಡ್ರಿ ಅಣ್ಣ. ನನ್ನ ಮಗಳು ನನ್ನ ಗಾಡ್ಯಾಗೆ ಕುಂತು ಈ ಕಲ್ಲಿನ ಮ್ಯಾಲೇ ಹೋಗ್ತಾಳೆ. ಹೋಗ್ಲಿಲ್ಲ ಅಂದ್ರೆ ಗಾಡಿ ತಂದು ನಿಮ್ಮ ಹಿತ್ತಲಾಗೆ ನಿಲ್ಲಿಸ್ತೀನಿ, ಸಗಣಿ ಕುಳ್ಳು ತುಂಬ್ಕೊಳ್ರಿ.”

ಹೀಗೆ ಮಗಳ ಮರ್ಯಾದೆ ಮತ್ತು ಹೊಸ ಗಾಡಿ ಎರಡನ್ನೂ ಒಂದೇ ಉಸಿರಿನಲ್ಲಿ ಪಣಕ್ಕಿಟ್ಟು ಅವನು ಊಟಕ್ಕೆ ಮನೆಗೆ ಹೋದ.

ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಅವನು ಕಲ್ಲಿನ ಎತ್ತರ ಅಳೆಯಲು ಹೊರಟ. ಅಳೆಯುವುದನ್ನು ಯಾರಾದರೂ ಕಂಡರೆ ನಗುತ್ತಾರೆಂದು ಆ ಹೊತ್ತು. ಒಂದು ಕಡ್ಡಿ ಹಿಡಿದು ಅಳೆದ. ಬುಡದಲ್ಲಿ ಮಣ್ಣು ಗುಡ್ಡೆಯಾಗಿದೆ, ನಿಜವಾದ ನೆಲ ಎಲ್ಲಿದೆ ನೋಡೋಣ ಎಂದು ಮಂಡಿಯೂರಿ ಬೆರಳಿನಿಂದ ಕೆರೆಯತೊಡಗಿದ. ಅಷ್ಟರಲ್ಲಿ ತಂಬಿಗೆ ಹಿಡಿದು ಹೊಲದ ಕಡೆ ಹೊರಟಿದ್ದ ವಿರೂಪಾಕ್ಷಪ್ಪ ಎದುರಿಗೇ ಬಂದು ನಿಂತ.

“ಏನೋ ಅದು, ಕಲ್ಲಿನ ಬುಡದಾಗೆ?”

ಷಣ್ಮುಖಪ್ಪ ‘ಗಾಡಿ ಎತ್ತರ ಮಾಡಾಕೆ ಅಳತೆ’ ಎಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ನಿನ್ನೆ ತಾನೆ ನಕ್ಕವನ ಎದುರು ಅದನ್ನು ಹೇಳುವುದು ಹೇಗೆ.

“ಏನಿಲ್ಲಣ್ಣ. ಎಷ್ಟು ಆಳಕ್ಕೈತೆ ನೋಡ್ತಿದ್ದೆ.”

ವಿರೂಪಾಕ್ಷಪ್ಪ ಹೊಲದ ಕಡೆ ಹೋಗಲಿಲ್ಲ. ತುಂಬಿದ ತಂಬಿಗೆಯನ್ನು ಹಾಗೇ ಹಿಡಿದುಕೊಂಡು ಊರೊಳಕ್ಕೆ ವಾಪಸಾದ. ಹೊತ್ತು ಮೂಡುವ ವೇಳೆಗೆ ಷಣ್ಮುಖಪ್ಪ ಕರುವುಗಲ್ಲು ಕೀಳುತ್ತಾನೆ ಎಂಬುದು ಊರಿಗೆಲ್ಲ ತಿಳಿದಿತ್ತು. ಹಾಲು ಕರೆಯುವ ಹೊತ್ತಿಗೆ ಅರ್ಧ ಅಗೆದಿದ್ದಾನೆ ಎಂದಾಯಿತು. ರೊಟ್ಟಿಯ ಹೊತ್ತಿಗೆ, ಜಗಳೂರಿನಿಂದ ಬಂಡೆ ಸಿಡಿಸುವ ಮದ್ದು ಬರುತ್ತಿದೆ ಎಂದು ಹೇಳುವವರಿದ್ದರು.

ಅದೇ ದಿನ ಷಣ್ಮುಖಪ್ಪ ಚನ್ನಗಿರಿಯ ಪಾಲಣ್ಣನ ಗ್ಯಾರೇಜಿನಲ್ಲಿದ್ದ. ಪಾಲಣ್ಣ ಮೂವತ್ತು ವರ್ಷ ಗಾಡಿಯ ಕೆಳಗೇ ಮಲಗಿ, ಮನುಷ್ಯರ ಮುಖಕ್ಕಿಂತ ಕಾಲನ್ನು ಹೆಚ್ಚು ಗುರುತಿಸುವ ಮೆಕ್ಯಾನಿಕ್.

“ಎಷ್ಟು ಎತ್ತಬೇಕ್ರಿ?”

“ಒಂದು ಗೇಣು ಎರಡು ಬೆರಳಿನ ಮ್ಯಾಲೆ ಹೊಟ್ಟಿ ತಗುಲದಂಗೆ ಹೋಗ್ಬೇಕು.”

“ಯಾತರ ಮ್ಯಾಲೆ?”

“ಅದು ನಿಂಗ್ಯಾಕೆ. ಅಗ್ಗದ್ದು ಯಾವ್ದು ಹೇಳು.”

ಪಾಲಣ್ಣ ಗ್ರೀಸಿನ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. “ಹೊಸಾ ಕಮಾನ್ ಪಟ್ಟಿ, ಅದೇ ಸ್ಪ್ರಿಂಗು, ದಾವಣಗೆರೆಯಿಂದ ತರಿಸಿದ್ರೆ ಸಾವಿರದ ಇನ್ನೂರು. ಇರೋ ಕಮಾನನ್ನೇ ಬಿಚ್ಚಿ ಅಚ್ಚಿನ ಮ್ಯಾಲೆ ಕೂರಿಸಿದ್ರೆ ಐನೂರು, ಆದ್ರೆ ನೀವು ಸ್ಟೇರಿಂಗ್ ತಿರುಗಿಸಿದ ಮ್ಯಾಲೆ ಗಾಡಿ ಒಂದೀಟು ಯೋಚ್ನೆ ಮಾಡಿ ತಿರುಗ್ತೈತೆ. ಹಳೇ ಲಾರಿ ಪಟ್ಟಿ ಎರಡೆರಡು ಸೇರಿಸಿದ್ರೆ ಇನ್ನೂರು. ಅದಕ್ಕೂ ಅಗ್ಗ ಅಂದ್ರೆ ಕಮಾನಿಗೂ ಅಚ್ಚಿಗೂ ನಡುವೆ ಮರದ ತುಂಡು. ದೊಡ್ಡ ಟೈರು ಹಾಕಿದ್ರೆ ಇಡೀ ಗಾಡಿ ಏಳ್ತೈತೆ, ಅದಕ್ಕೆ ದುಡ್ಡು ಬಾಳ. ಕಮಾನಿಂದ ಎತ್ತಿದ್ರೆ ಬಾಡಿ ಅಷ್ಟೇ ಏಳೋದು, ತಿಳೀತಾ?”

“ನಂಗೆ ಬಾಡಿನೇ ಏಳ್ಬೇಕಾದ್ದು.”

ಇಲ್ಲಿ ಒಂದು ಮಾತು ಹೇಳಬೇಕು. ಪಾಲಣ್ಣ ಹೇಳಿದ್ದು ಬಹಳ ದೊಡ್ಡ ವಿಷಯ. ಷಣ್ಮುಖಪ್ಪ ಕೇಳಿಸಿಕೊಂಡದ್ದು ‘ದುಡ್ಡು ಬಾಳ’ ಎಂಬುದನ್ನು ಮಾತ್ರ. ಅವನು ಬಹಳ ಯೋಚಿಸಿ, ಎಲ್ಲಕ್ಕಿಂತ ಅಗ್ಗದ ಎರಡನ್ನೂ ಆರಿಸಿದ. ಮುಂದೆ ಲಾರಿ ಪಟ್ಟಿ, ಹಿಂದೆ ಮರ. ಮರ ಒಂದನ್ನೇ ಹಾಕಿದರೆ ಬಡವ ಅಂತಾರೆ, ಪಟ್ಟಿ ಒಂದನ್ನೇ ಹಾಕಿದರೆ ದುಂದುಗಾರ ಅಂತಾರೆ ಎಂಬುದು ಅವನ ಸಿದ್ಧಾಂತ. ಹೊನ್ನಾಳಿಯ ಗುಜರಿಯಲ್ಲಿ ಪಟ್ಟಿ ಚೌಕಾಸಿ ಮಾಡಿ ಹೊತ್ತು ತಂದ. ಊರಿನ ಬಡಗಿ ಗಿಡ್ಡಪ್ಪನಿಗೆ ಜಾಲಿಮರದ ತುಂಡು ಕೆತ್ತಲು ಹೇಳಿದ. ಗ್ಯಾರೇಜಿನ ಬಾಡಿಗೆ ಉಳಿಯಲಿ ಎಂದು ಕೆಲಸವನ್ನು ಮನೆಯ ಅಂಗಳದಲ್ಲೇ ಇಟ್ಟುಕೊಂಡ.

ಆದ್ದರಿಂದ ಊರಿನವರಿಗೆ ಕಂಡದ್ದು ಇಷ್ಟು. ಸೋಮವಾರ ಗಿಡ್ಡಪ್ಪ ಜಾಲಿಮರದ ದಿಮ್ಮಿ ಹೊತ್ತು ಷಣ್ಮುಖಪ್ಪನ ಮನೆಗೆ ಹೋದ: ಕಲ್ಲು ಮೀಟಲು ಸನ್ನೆಗೋಲು. ಬುಧವಾರ ಪಾಲಣ್ಣ ನಲ್ಲೂರಿನಲ್ಲಿ ಬಸ್ಸಿಳಿದು ನಡೆದು ಬಂದ, ಹೆಗಲ ಮೇಲೆ ಹಾರೆ, ಸರಪಳಿ ಮತ್ತು ಲಾರಿ ಎತ್ತುವ ಜಾಕು: ಕಲ್ಲು ಎತ್ತುವ ಯಂತ್ರ. ಅಂಗಳದ ಬಾಗಿಲು ಹಾಕಿತ್ತು, ಒಳಗೆ ಕಬ್ಬಿಣ ಬಡಿಯುವ ಸದ್ದು. ಬಾಗಿಲ ಸಂದಿಯಿಂದ ಇಣುಕಿದವರಿಗೆ ಒಂದು ಜೊತೆ ಕಾಲು ಕಂಡವು.

ಸಂಜೆ ವಿರೂಪಾಕ್ಷಪ್ಪನ ಮುಂದಾಳತ್ವದಲ್ಲಿ ಹದಿನೆಂಟು ಜನ ಬಾಗಿಲಿಗೆ ಬಂದರು.

“ಷಣ್ಮುಖ, ಆ ಜಾಕು ಯಾಕೆ ತಂದೀಯ?”

“ನನ್ನ ಮನೀಗೆ ಜಾಕು ತರಾಕೆ ಊರಿನ ಅಪ್ಪಣೆ ಬೇಕೇನು?”

“ಏನು ಎತ್ತತೀಯ ಅದ್ರಾಗೆ, ಅದನ್ನ ಹೇಳು.”

“ಎತ್ತಬೇಕಾದ್ದನ್ನ ಎತ್ತತೀನಿ. ಮದುವಿ ದಿನ ಎಲ್ರಿಗೂ ಕಾಣ್ತೈತೆ. ಅಲ್ಲೀ ತಂಕ ತಡಕೊಳ್ರಿ.”

ಒಳಗಿನಿಂದ ಕಸ್ತೂರಮ್ಮ ಸೆರಗು ಹಿಡಿದುಕೊಂಡು, “ಗಾಡಿ ರಿಪೇರಿ ಅಂತ ಹೇಳಬಾರದಾ?” ಎಂದು ಪಿಸುಗುಟ್ಟಿದಳು. “ಕೇಳಿದ್ದಕ್ಕೆಲ್ಲ ಹೇಳಾಕೆ ನಾನೇನು ಸಾಲಿ ಹುಡುಗನಾ?” ಎಂದು ಅವನು ಬಾಗಿಲು ಹಾಕಿಕೊಂಡ.

ಮಾರನೆಯ ದಿನ ಚನ್ನಗಿರಿಯ ತಾಲ್ಲೂಕು ಕಚೇರಿಗೆ ಅರವತ್ತೆರಡು ಸಹಿ, ನಲವತ್ತು ಹೆಬ್ಬೆಟ್ಟಿನ ಅರ್ಜಿ ಹೋಯಿತು. ಊರಿನಲ್ಲಿದ್ದ ವಯಸ್ಕರು ತೊಂಬತ್ತೇಳು. ಮೂರನೇ ದಿನ ರೆವಿನ್ಯೂ ಇನ್ಸ್‌ಪೆಕ್ಟರ್ ಜಯದೇವಪ್ಪನವರು ಬಂದರು. ತೆಳ್ಳಗಿನ ಆಳು, ಪ್ರತಿ ಮಾತನ್ನೂ ಕಾಗದದ ಮೇಲೆ ಬರೆದಂತೆ ಆಡುವವರು. ಕಲ್ಲನ್ನು ಸುತ್ತು ಬಂದು, ಕೆರೆದ ಮಣ್ಣನ್ನು ನೋಡಿ, ಅಂಗಳಕ್ಕೆ ಹೋಗಿ ಜಾಕನ್ನು ನೋಡಿದರು. ಅಷ್ಟು ಹೊತ್ತಿಗೆ ಕೆಲಸ ಮುಗಿದು ಪಿಕಪ್ಪು ಗೋಣಿತಾಟಿನ ಮರೆಯಲ್ಲಿತ್ತು.

“ಇದರಿಂದ ಕಲ್ಲನ್ನು ಎತ್ತುವ ಉದ್ದೇಶವಿದೆಯೋ, ಇಲ್ಲವೋ?”

“ಕಲ್ಲಿನ ತಂಟೆ ನಂಗ್ಯಾಕ್ರೀ ಸಾಹೇಬ್ರೇ. ಕಲ್ಲು ಇರೋ ಜಾಗ್ದಾಗೇ ಇರ್ತೈತೆ, ನಾನು ಹೋಗೋ ದಾರಿಯಾಗೇ ಹೋಗ್ತೀನಿ.”

ನಿಜ ಹೇಳಿದ್ದ. ಹೇಳಿದ ಧಾಟಿಗೆ ಅದು ಬೆದರಿಕೆಯಂತೆ ಕೇಳಿಸಿತು. ಜಯದೇವಪ್ಪನವರು ಜಗಲಿಯ ಮೇಲೆ ಕೂತು, ಎರಡು ಲೋಟ ಮಜ್ಜಿಗೆ ಕುಡಿದು ಆದೇಶ ಬರೆದರು: ‘ಸದರಿ ಕಲ್ಲನ್ನು ಯಾರೂ ಮುಟ್ಟತಕ್ಕದ್ದಲ್ಲ, ತಗುಲಿಸತಕ್ಕದ್ದಲ್ಲ, ಅಲುಗಿಸತಕ್ಕದ್ದಲ್ಲ. ಸದರಿ ಷಣ್ಮುಖಪ್ಪನವರ ವಾಹನ ಮದುವೆಯ ದಿನದವರೆಗೆ ಕಲ್ಲಿನಿಂದ ಹತ್ತು ಮೊಳದೊಳಗೆ ಬರತಕ್ಕದ್ದಲ್ಲ. ಆ ದಿನ ರೂಢಿಯಂತೆ ದಾಟಲು ಅಡ್ಡಿಯಿಲ್ಲ. ತಗುಲಿದಲ್ಲಿ ವಾಹನ ಜಪ್ತಿ.’ ಜಾಕನ್ನು ಚಾವಡಿಯಲ್ಲಿಟ್ಟು ಬೀಗ ಹಾಕಿಸಿ, ಮದುವೆಯ ದಿನ ತಾವೇ ಬರುವುದಾಗಿ ಹೇಳಿ ಹೋದರು.

ಗೋಣಿತಾಟು ತೆಗೆದಾಗ ಮೊದಲು ನೋಡಿದ್ದು ಮನೆಯ ಹಿರಿಯಳು, ಷಣ್ಮುಖಪ್ಪನ ಸೋದರತ್ತೆ ಸರ್ವಮಂಗಳಮ್ಮ. ಊರಿನ ಮದುವೆ, ಮುಂಜಿ, ಉಡಿ, ಆರತಿ ಎಲ್ಲಕ್ಕೂ ಅವಳದೇ ಕೊನೆಯ ಮಾತು. ಪಿಕಪ್ಪಿನ ಸುತ್ತ ಬಂದು, “ಇದಕ್ಕೆ ಹತ್ತಾಕೆ ಏಣಿ ಬೇಕಲ್ಲೋ,” ಎಂದಳು. ಏಣಿ ತಂದರು. ಓಡಿಸಿ ನೋಡಿದರೆ ಪಟ್ಟಿ ಎಷ್ಟು ಬಿಗಿಯಾಗಿತ್ತೆಂದರೆ, ಹಿಂದೆ ಕೂತ ಗಿಡ್ಡಪ್ಪ ಸಣ್ಣ ಗುಂಡಿಗೆಲ್ಲ ಎದ್ದು ನಿಲ್ಲುತ್ತಿದ್ದ.

“ಆ ಕಲ್ಲಿನ ಮ್ಯಾಲೆ ಒಂದ್ಸಲ ದಾಟ್ಸಿ ನೋಡಿದ್ರೆ ಚೆನ್ನಾಗಿತ್ತು,” ಎಂದಳು ಕಸ್ತೂರಮ್ಮ.

“ಸರ್ಕಾರದ ಆದೇಶ ಐತೆ, ಹತ್ತು ಮೊಳ. ಅದಕ್ಕೇನೀಗ?” ಎಂದು ಷಣ್ಮುಖಪ್ಪ ಭತ್ತ ಅಳೆಯುವ ಕೊಳಗ ತಂದ. ಅದು ಕಲ್ಲು ಅಳೆದಿದ್ದ ಕಡ್ಡಿಯ ಅಳತೆಗೆ ಸರಿಯಾಗಿತ್ತು. ಪಕ್ಕದಿಂದ ಗಾಡಿಯ ಹೊಟ್ಟೆಯ ಕೆಳಗೆ ತಳ್ಳಿದ. ಕೊಳಗ ಸರಾಗವಾಗಿ ಒಳಗೆ ಹೋಯಿತು, ಮೇಲೆ ಮೂರು ಬೆರಳು ಜಾಗ ಉಳಿಯಿತು. “ನೋಡಿದ್ಯಾ?” ಎಂದ. ಎಲ್ಲರೂ ನೋಡಿದರು. ಹೊಟ್ಟೆಯ ಕೆಳಗೆ ನೋಡಿದರೇ ವಿನಾ ಹಿಂಭಾಗದಲ್ಲಿ ಯಾರೂ ನೋಡಲಿಲ್ಲ.

ಮದುವೆಯ ದಿನ ಬಂತು. ಶಾಂತಾದೇವಿಗೆ ಉಡಿ ತುಂಬಿ, ಆರತಿ ಎತ್ತಿ, ಏಣಿ ಇಟ್ಟು ಪಿಕಪ್ಪಿನ ಹಿಂಭಾಗಕ್ಕೆ ಹತ್ತಿಸಿದರು. ಜಮಖಾನೆಯ ಮೇಲೆ ಅವಳು, ಅವಳ ಇಬ್ಬರು ತಂಗಿಯರು, ಸರ್ವಮಂಗಳಮ್ಮ ಮತ್ತು ಐವರು ಮುತ್ತೈದೆಯರು. ಮುಂದೆ ಕಸ್ತೂರಮ್ಮ, ಸ್ಟೇರಿಂಗ್ ಹಿಂದೆ ರೇಷ್ಮೆ ರುಮಾಲು ಸುತ್ತಿದ ಷಣ್ಮುಖಪ್ಪ. ಅಗಸೆಯ ಹತ್ತಿರ ಕಲ್ಲು ಕಾಯಲು ಐವತ್ತು ಜನ ಗಂಡಸರು ನಿಂತಿದ್ದರು. ಜಯದೇವಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸ್ವಲ್ಪ ದೂರದಲ್ಲಿ ವಿರೂಪಾಕ್ಷಪ್ಪನ ಸವಾರಿ ಬಂಡಿ, ಎತ್ತುಗಳಿಗೆ ಜೂಲು ಹೊದಿಸಿ, ಕರೆಯದಿದ್ದರೂ ತಯಾರಾಗಿ ನಿಂತಿತ್ತು.

ಪಿಕಪ್ಪು ಮೆಲ್ಲಗೆ ಕಲ್ಲಿನ ಮೇಲೆ ಬಂತು. ಜಯದೇವಪ್ಪನವರು ಕುರ್ಚಿ ಬಿಟ್ಟು ನೆಲಕ್ಕೆ ಬಗ್ಗಿದರು. ಐವತ್ತು ಜನವೂ ಬಗ್ಗಿದರು. ಮುಂದಿನ ಅಚ್ಚು ದಾಟಿತು. ಹೊಗೆ ಕೊಳವೆ ದಾಟಿತು. ಹೊಟ್ಟೆ ಪೂರ್ತಿ ದಾಟಿತು, ಮೂರು ಬೆರಳು ಜಾಗ ಬಿಟ್ಟು. ಆಗ ಊರಿಗೆ ಮೊದಲ ಸಲ ಆ ಜಾಕು ಏನನ್ನು ಎತ್ತಲು ಬಂದಿತ್ತೆಂದು ಅರ್ಥವಾಯಿತು. ಗುಂಪಿನಲ್ಲಿ ಯಾರೋ, “ಲೇ, ಇವ್ನು ಕಲ್ಲು ಕೀಳಾಕಲ್ಲ, ಗಾಡಿ ಎತ್ತಾಕೆ ತಂದಿದ್ದು” ಎಂದರು. ಷಣ್ಮುಖಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೀಸೆ ಮುಟ್ಟಿಕೊಂಡ.

“ನಿಲ್ಲಿಸಿ,” ಎಂದರು ಜಯದೇವಪ್ಪನವರು.

ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಷ್ಟು ದಪ್ಪದ ಕಬ್ಬಿಣದ ಗುಂಡು ಇರುತ್ತದೆ. ಕಮಾನನ್ನು ಎಷ್ಟೇ ಎತ್ತಿದರೂ ಅದು ಏಳುವುದಿಲ್ಲ, ಚಕ್ರ ಇದ್ದಷ್ಟೇ ಅದರ ಎತ್ತರ. ಕಮಾನಿಂದ ಬಾಡಿ ಅಷ್ಟೇ ಏಳೋದು ಎಂದು ಪಾಲಣ್ಣ ಹೇಳಿದ್ದು ಇದನ್ನೇ. ಆ ಗುಂಡು ಈಗ ಕಲ್ಲಿನ ನೆತ್ತಿಗಿಂತ ಎರಡು ಬೆರಳು ಕೆಳಗೆ, ಕಲ್ಲಿಗೆ ಒಂದು ಮೊಳ ದೂರದಲ್ಲಿ ನಿಂತಿತ್ತು.

ಷಣ್ಮುಖಪ್ಪ ಇಳಿದು ನೋಡಿದ. ನೋಡಿ ಮತ್ತೆ ಹತ್ತಿ ಕೂತ. ಅವನಿಗೆ ಗಾಡಿ ಕೈಬಿಟ್ಟು ಹೋಗುವ ಚಿಂತೆ ಆಗ ಇರಲಿಲ್ಲ. ಇಷ್ಟು ಜನರ ಎದುರು ಮಗಳನ್ನು ಅರ್ಧ ದಾರಿಯಲ್ಲಿ ಇಳಿಸಬೇಕಾಗುತ್ತದಲ್ಲ ಎಂಬುದೊಂದೇ ಇತ್ತು.

ವಿರೂಪಾಕ್ಷಪ್ಪ ಗಾಡಿಯ ಹಿಂಬದಿಗೆ ಬಂದ. ದನಿಯಲ್ಲಿ ಜೇನು ಸುರಿಯುತ್ತಿತ್ತು. “ಇಳಿಯವ್ವ ಶಾಂತಾ. ಬಂಡಿ ಐತೆ, ಕುಂದರು ಬಾ.”

“ಇಳಿಯಲ್ಲ ದೊಡ್ಡಪ್ಪ,” ಎಂದಳು ಶಾಂತಾದೇವಿ, ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು. “ನಾನು ಬಂಡಿ ಬದಲಾಯ್ಸಾಕೆ ಸಂತೀಗೆ ಹೊಂಟಿಲ್ಲ.”

“ಆಕೆ ಇಳೀತೀನಿ ಅಂದ್ರೂ ನಾನು ಬಿಡಲ್ಲ,” ಎಂದಳು ಸರ್ವಮಂಗಳಮ್ಮ. “ಉಡಿ ತುಂಬಿಸ್ಕೊಂಡು ಕುಂತ ಮ್ಯಾಲೆ ಕಲ್ಲು ದಾಟೋ ತಂಕ ಕಾಲು ನೆಲಕ್ಕೆ ಮುಟ್ಟಂಗಿಲ್ಲ. ನಮ್ಮದೂ ಅಷ್ಟೇ. ನಿಮ್ಮವ್ವ ಮಾಡಿದ್ದ ರೂಢಿನೇ ವಿರೂಪಾಕ್ಷ, ಮರೆತ್ಯೇನು?”

“ಹಂಗಾರೆ ಹಿಂದಕ್ಕೆ ತಗೀಲಿ.”

“ದಿಬ್ಬಣದ ಗಾಡಿ ಹಿಂದಕ್ಕೆ ಹೋಗಂಗಿಲ್ಲ.”

ಗುಂಪಿನಲ್ಲಿದ್ದ ಮುದುಕರೆಲ್ಲ ತಲೆಯಾಡಿಸಿದರು. ಹೋಗಂಗಿಲ್ಲ, ಅದು ಖರೆ. ಜಾಕು ತನ್ನಿ ಎಂದರು ಯಾರೋ. ಜಾಕು ಚಾವಡಿಯಲ್ಲಿತ್ತು, ಬೀಗದ ಕೈ ಶಾನುಭೋಗರ ಸೊಂಟದಲ್ಲಿತ್ತು, ಶಾನುಭೋಗರು ನ್ಯಾಮತಿಯ ಬೀಗರ ಮನೆಯಲ್ಲಿದ್ದರು. ಮುಹೂರ್ತ ಮಾತ್ರ ಯಾರಿಗೂ ಕಾಯದೆ ಗೋವಿನಕೋವಿಯಲ್ಲಿ ಹತ್ತಿರ ಬರುತ್ತಿತ್ತು.

ಷಣ್ಮುಖಪ್ಪ ಗೇರಿನ ಮೇಲೆ ಕೈಯಿಟ್ಟ. “ನನ್ನ ಗಾಡಿ ಮುಂದಕ್ಕೆ ಹೋಗಾಕೆ ತಯಾರೈತೆ. ಹತ್ತು ಎಣಿಸಿ ಬಿಡ್ತೀನಿ.”

“ಕಲ್ಲಿಗೆ ತಗುಲಿದರೆ ಜಪ್ತಿ,” ಎಂದರು ಜಯದೇವಪ್ಪನವರು.

“ಮಾಡ್ಕೊಳ್ರಿ. ಗಾಡಿ ನಂದು ಹೋಗ್ತೈತೆ, ಕಲ್ಲು ಇವ್ರದು ಹೋಗ್ತೈತೆ. ಹೊರಟ ಮಗಳನ್ನ ನಾನಂತೂ ಇಳಿಸಲ್ಲ. ಒಂದು.”

“ತಡಿಯಪ್ಪ, ತಡಿ,” ಎಂದ ವಿರೂಪಾಕ್ಷಪ್ಪ. “ಎತ್ರಪ್ಪ ಅಂತ ಒಂದು ಮಾತು ಬಾಯಿಬಿಟ್ಟು ಕೇಳು, ಕೈ ಹಾಕ್ತೀವಿ.”

“ನಾನ್ಯಾಕೆ ಕೇಳ್ಲಿ? ನಾನು ಕಲ್ಲು ಕಾಯಾಕೆ ಬಂದಿಲ್ಲ, ನೀವು ಬಂದಿರೋದು. ಎರಡು. ಮೂರು.”

ಎಲ್ಲರೂ ಜಯದೇವಪ್ಪನವರ ಮುಖ ನೋಡಿದರು. ಅವರು ಆದೇಶದ ಪ್ರತಿ ತೆಗೆದು, ಮೊದಲಿನಿಂದ ಕೊನೆಯವರೆಗೆ ಓದಿ, “ಕಲ್ಲನ್ನು ಮುಟ್ಟತಕ್ಕದ್ದಲ್ಲ ಎಂದಿದೆ. ವಾಹನವನ್ನು ಮುಟ್ಟಬಾರದೆಂದು ಎಲ್ಲಿಯೂ ಇಲ್ಲ,” ಎಂದರು.

“ನಾಕು,” ಎಂದ ಷಣ್ಮುಖಪ್ಪ. “ಐದು.”

ಆರು ಎನ್ನುವಷ್ಟರಲ್ಲಿ ಐವತ್ತು ಜನ ಪಂಚೆ ಎತ್ತಿ ಕಟ್ಟಿ ಪಿಕಪ್ಪಿನ ಹಿಂಭಾಗಕ್ಕೆ ಮುತ್ತಿದ್ದರು. ಬಂಪರಿಗೆ ಹನ್ನೆರಡು, ಎಡಕ್ಕೆ ಹದಿನೈದು, ಬಲಕ್ಕೆ ಹದಿನೈದು, ಜಾಗ ಸಿಗದವರು ಸಿಕ್ಕಿದವರ ಸೊಂಟಕ್ಕೆ. ನಟ್ಟನಡುವೆ ಹೆಗಲು ಕೊಟ್ಟವನು ವಿರೂಪಾಕ್ಷಪ್ಪ. “ಹೌದು ಹುಲಿಯಾ” ಎಂದು ಒಬ್ಬ ದನಿ ಎತ್ತಿದ, ಎಲ್ಲರೂ ಉಸಿರು ಬಿಗಿಹಿಡಿದರು, ಒಂಬತ್ತು ಹೆಂಗಸರ ಸಮೇತ ಪಿಕಪ್ಪಿನ ಹಿಂದಿನ ಎರಡು ಚಕ್ರ ನೆಲ ಬಿಟ್ಟವು. ಷಣ್ಮುಖಪ್ಪ ಗೇರು ಬಿಡಿಸಿ, ಸ್ಟೇರಿಂಗ್ ನೆಟ್ಟಗೆ ಹಿಡಿದು, ರುಮಾಲು ಸರಿಮಾಡಿಕೊಂಡು ಕೂತಿದ್ದ. ಹೆಜ್ಜೆ ಹೆಜ್ಜೆಯಾಗಿ ಗಾಡಿ ಮುಂದೆ ಸಾಗಿತು. ಕಬ್ಬಿಣದ ಗುಂಡು ಕಲ್ಲಿನ ಮೇಲೆ ಒಂದು ಬೆರಳು ಜಾಗ ಬಿಟ್ಟು ದಾಟಿತು. ಸಾವಿರದ ಇನ್ನೂರು ರೂಪಾಯಿಯ ಕಮಾನಿನಿಂದಲೂ ಆಗದ ಎತ್ತರ ಅದು, ಪುಕ್ಕಟೆ ಸಿಕ್ಕಿತ್ತು.

ಗಾಡಿಯನ್ನು ಆಚೆ ಇಳಿಸಿದಾಗ ಜಯದೇವಪ್ಪನವರು ಕಲ್ಲನ್ನು ಪರೀಕ್ಷಿಸಿ, ವಿಭೂತಿ ಕೂಡ ಅಳಿಸಿಲ್ಲ ಎಂದು ಬರೆದುಕೊಂಡರು. ಹೆಂಗಸರು ಅಕ್ಷತೆ ತೂರಿದರು. ಅದು ಬಿದ್ದದ್ದು ಹೆಚ್ಚಾಗಿ ಏದುಸಿರು ಬಿಡುತ್ತಿದ್ದ ಗಂಡಸರ ತಲೆಯ ಮೇಲೆ. ಶಾಂತಾದೇವಿ ಅಳಬೇಕಾದ ಹೊತ್ತಿನಲ್ಲಿ ನಗುತ್ತಿದ್ದಳು. ಅದನ್ನು ಕನ್ನಡಿಯಲ್ಲಿ ಕಂಡ ಷಣ್ಮುಖಪ್ಪನ ಕಣ್ಣು ತುಂಬಿತು. ರುಮಾಲಿನ ತುದಿಯಿಂದ ಒರೆಸಿಕೊಂಡ.

ವಿರೂಪಾಕ್ಷಪ್ಪ ಸೊಂಟ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದ.

“ನಡ ಹೋತು ಕಣೋ ಷಣ್ಮುಖ.”

ಷಣ್ಮುಖಪ್ಪ ಹಿಂದೆ ತಿರುಗಿ, ಅಕ್ಕನ ಪಕ್ಕದಲ್ಲಿ ಕೂತಿದ್ದ ಇಬ್ಬರು ಕಿರಿಯ ಹೆಣ್ಣುಮಕ್ಕಳನ್ನು ನೋಡಿದ.

“ಈಗ್ಲೇ ಹೋತು ಅಂದ್ರೆ ಹೆಂಗಣ್ಣ? ಇನ್ನಾ ಇಬ್ರು ಅದಾರೆ,” ಎಂದು ಗೇರು ಹಾಕಿದ.